ಫೋಟೋದಲ್ಲಿ ಕಟ್ಟಿದ ಸಂಕ

ಕ್ಷಮೆ ಕೇಳುವುದರಲ್ಲಿ ನಾನು ಎಂದೂ ಜಿಪುಣತನ ಮಾಡಿದವನಲ್ಲ. ಐರೋಲಿ ಸ್ಟೇಶನ್ನಿನಲ್ಲಿ ನನ್ನ ಕಾಲು ತುಳಿದವರಿಗೂ ನಾನೇ ‘ಸಾರಿ’ ಅಂದು ಟ್ರೇನು ಹತ್ತಿದ್ದೇನೆ. ಹೆಂಡತಿ ವನಜಳ ಹತ್ತಿರವಂತೂ ತಪ್ಪು ಏನೆಂದು ಗೊತ್ತಾಗುವ ಮೊದಲೇ ಕೇಳಿ ಮುಗಿಸಿರುತ್ತೇನೆ. ಗೊತ್ತಾದ ಮೇಲೆ ಕೇಳಿದರೆ ಒಂದು ಸಲಕ್ಕೆ ಮುಗಿಯುವುದಿಲ್ಲ. ಇಂಥ ನಾನು ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದು ಕೂತಿದ್ದೇನೆ. ನಮ್ಮೂರಿನವರ ವಾಟ್ಸಾಪ್ ಗುಂಪು ‘ಬಾಳೆಹಕ್ಲು ಬಳಗ’ದಿಂದ ನನ್ನನ್ನು ಹೊರಗೆ ಹಾಕಿ ಮೂರು ತಿಂಗಳಾಯಿತು. ಸುಧಾಕರಣ್ಣನಲ್ಲಿ ಒಂದು ಮಾತು ಕ್ಷಮೆ ಕೇಳಿದರೆ ಮರಳಿ ಸೇರಿಸುತ್ತಾರಂತೆ. ಡೊಂಬಿವಲಿಯ ಶಾರದಕ್ಕ ಫೋನು ಮಾಡಿ ಅರ್ಧ ಗಂಟೆ ಬುದ್ಧಿ ಹೇಳಿದರು. ಕಲ್ಯಾಣದಿಂದ ಇಬ್ಬರು ಮನೆಗೇ ಬಂದು, ಚಹಾ ಕುಡಿದು, ದೊಡ್ಡ ಮನಸ್ಸು ಮಾಡು ಅಂದರು. ನನ್ನ ಮನಸ್ಸು ಇರುವಷ್ಟೇ ಇರಲಿ ಎಂದು ಹೇಳಿ ಕಳಿಸಿದೆ.

ಬಾಳೆಹಕ್ಲು ಎಲ್ಲಿದೆ ಎಂದು ಹೇಳುವುದು ಸ್ವಲ್ಪ ಕಷ್ಟ. ಕುಂದಾಪುರದಲ್ಲಿ ಬಸ್ಸು ಹತ್ತಿ, ಬಸ್ಸು ಇನ್ನು ಮುಂದೆ ಹೋಗಲಾರದು ಎಂದು ತಿರುಗಿ ನಿಲ್ಲುವಲ್ಲಿ ಇಳಿದು, ಗುಡ್ಡದ ಕಡೆ ಮೂರು ಮೈಲು ನಡೆಯಬೇಕು. ದಾರಿ ಖಂಡಿತ ತಪ್ಪಿದೆ ಎಂದು ನಿಮಗೆ ಅನ್ನಿಸತೊಡಗಿದರೆ ಸರಿಯಾದ ದಾರಿಯಲ್ಲೇ ಇದ್ದೀರಿ ಎಂದು ತಿಳಿಯಬೇಕು. ಆಮೇಲೆ ಒಂದು ಹೊಳೆ. ಅದರ ಆಚೆಗೆ ನಾವು. ಅಲ್ಲಿದ್ದಷ್ಟು ದಿನ ಅಲ್ಲಿಂದ ಓಡುವುದು ಹೇಗೆಂದು ಯೋಚಿಸಿದವರೇ ಎಲ್ಲ. ಓಡಿ ಬಂದು ಠಾಣೆಯಿಂದ ಖಾರಘರದವರೆಗೆ ಹೋಟೆಲು, ಬ್ಯಾಂಕು, ಕಚೇರಿ ಎಂದು ಸೇರಿಕೊಂಡು, ಕೈಗೆ ದೊಡ್ಡ ಮೊಬೈಲು ಬಂದ ಮೇಲೆ, ಊರಿನಷ್ಟು ಚಂದ ಯಾವುದೂ ಇಲ್ಲ ಎಂದು ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಬೇರೆ ಗುಂಪುಗಳಲ್ಲಿ ಜನ ಕಾರು, ಫ್ಲ್ಯಾಟು, ಮಗಳ ಮಾರ್ಕು ಎಂದು ಜಂಭ ಕೊಚ್ಚುತ್ತಾರೆ. ನಮ್ಮದರಲ್ಲಿ ಕೊಚ್ಚುವುದು ಕಷ್ಟದ ಜಂಭ. ಒಂದು ದಿನ ಶಾರದಕ್ಕ ತಾನು ಎರಡು ಮೈಲು ನಡೆದು ಶಾಲೆಗೆ ಹೋದದ್ದನ್ನು ಬರೆದರು. ಮರುದಿನ ಒಬ್ಬರು ನಾಲ್ಕು ಮೈಲು ನಡೆದರು. ವಾರ ಕಳೆಯುವುದರೊಳಗೆ ಆರಾಯಿತು, ಎಂಟಾಯಿತು, ನಡುವೆ ಒಂದು ಚಿರತೆಯೂ ಬಂತು. ಊರಿಗೆ ಇದ್ದದ್ದು ಒಂದೇ ಶಾಲೆ, ಕಲಿತದ್ದು ಎಲ್ಲರೂ ಅಲ್ಲೇ, ಆದರೂ ಅದು ಒಬ್ಬೊಬ್ಬರಿಗೆ ಒಂದೊಂದು ದೂರದಲ್ಲಿತ್ತು. ನಮ್ಮ ಮನೆ ಶಾಲೆಯ ಬೇಲಿಗೆ ತಾಗಿಕೊಂಡೇ ಇದ್ದುದರಿಂದ ಆ ಚರ್ಚೆಯಲ್ಲಿ ನಾನು ಬಾಯಿ ಬಿಡುವಂತಿರಲಿಲ್ಲ. ಅದು ನನಗೆ ಎಷ್ಟು ಸಂಕಟ ಕೊಟ್ಟಿತೆಂದು ಹೇಳಲಾರೆ.

ಈ ಎಲ್ಲರಿಗೂ ಮೇಲಿನವರು ಸುಧಾಕರಣ್ಣ. ಖಾರಘರದಲ್ಲಿ ಅವರದೊಂದು ಸಸ್ಯಾಹಾರಿ ಹೋಟೆಲು, ಮನೆ ಇಪ್ಪತ್ತೊಂದನೆಯ ಮಾಳಿಗೆಯಲ್ಲಿ. ದಿನಾ ಬೆಳಿಗ್ಗೆ ಮಣ್ಣಿನ ಮಹಿಮೆಯ ಬಗ್ಗೆ ಅವರ ಒಂದು ಸಂದೇಶ ಬರಬೇಕು. ಒಂದು ಮಳೆಗಾಲ, ಬನಿಯನ್ನು ತೊಟ್ಟು ಗುದ್ದಲಿ ಹಿಡಿದ ತಮ್ಮ ಫೋಟೋ ಹಾಕಿ ‘ಮಣ್ಣಿನ ಮಗ’ ಎಂದು ಬರೆದರು. ಹಿಂದೆ ಹಸುರು ಗುಡ್ಡ, ಅದರ ಮೇಲಿನಿಂದ ಇಳಿಯುವ ನೀರು. ಊರಿನ ಗುಡ್ಡ ನೋಡಿ ಕಣ್ಣು ತುಂಬಿ ಬಂತು ಎಂದು ಹದಿನೆಂಟು ಜನ ಬರೆದರು. ಬೇಲಾಪುರದ ನನ್ನ ಕಚೇರಿಯ ಕಿಟಕಿಯಿಂದ ದಿನವೂ ಕಾಣುವ ಖಾರಘರದ ಗುಡ್ಡ ಅದು. ಗುದ್ದಲಿ ಅವರ ಸೊಸೈಟಿಯ ಮಾಲಿಯದು. ನಾನು ಹಾಗೆಂದು ಬರೆದೆ. ಊರಿನ ಗುಡ್ಡ ಎಂದು ನಾನು ಎಲ್ಲಿ ಹೇಳಿದೆ, ಮಣ್ಣು ಎಲ್ಲ ಕಡೆಯೂ ಒಂದೇ ಎಂದು ಅವರು ಉತ್ತರ ಕೊಟ್ಟರು. ಅದಕ್ಕೆ ಮತ್ತೆ ಮೂವತ್ತು ಚಪ್ಪಾಳೆ.

ಇಷ್ಟಾದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಮೊನ್ನೆ ಜೂನಿನಲ್ಲಿ ಅವರು ಕೈ ಹಾಕಿದ್ದು ನನ್ನ ಅಕ್ಕನ ಸಂಕಕ್ಕೆ. ನಮ್ಮ ಹೊಳೆಗೆ ಇರುವುದು ಎರಡು ತೆಂಗಿನ ಮರ ಅಡ್ಡ ಹಾಕಿ, ಹಿಡಿಯಲು ಒಂದು ಬಿದಿರು ಕಟ್ಟಿದ ಕಾಲುಸಂಕ. ಅಕ್ಕ ಗಿರಿಜ ಮದುವೆಯಾದದ್ದೂ ಊರಿನಲ್ಲೇ, ಅಲ್ಲಿಯೇ ಅಂಗನವಾಡಿ ಟೀಚರು. ಮನೆ ಹೊಳೆಯ ಆಚೆ, ಅಂಗನವಾಡಿ ಈಚೆ. ಮಳೆಗಾಲದಲ್ಲಿ ಒಂಬತ್ತು ಪುಟ್ಟ ಮಕ್ಕಳನ್ನು ಒಬ್ಬೊಬ್ಬರಾಗಿ ಕೈಹಿಡಿದು ಆ ಮರಗಳ ಮೇಲೆ ದಾಟಿಸುವುದು ಅವಳ ಕೆಲಸ. ಒಂದು ಕಬ್ಬಿಣದ ಸಂಕಕ್ಕಾಗಿ ಏಳು ವರ್ಷದಿಂದ ಪಂಚಾಯಿತಿಗೆ ಅರ್ಜಿ ಕೊಟ್ಟು ಕೊಟ್ಟು, ಕೊನೆಗೂ ಈ ವರ್ಷದ ಪಟ್ಟಿಯಲ್ಲಿ ಹೆಸರು ಬಂದಿತ್ತು. ಹೀಗಿರುವಾಗ ಒಂದು ಬೆಳಿಗ್ಗೆ ಸುಧಾಕರಣ್ಣ, ನೀಲಿ ಬಣ್ಣ ಬಳಿದ, ಎರಡೂ ಕಡೆ ಹಿಡಿಕಂಬಿ ಇರುವ ಚಂದದ ಸಂಕವೊಂದರ ಫೋಟೋ ಹಾಕಿ, ‘ಹುಟ್ಟಿದ ಮಣ್ಣಿಗೆ ನನ್ನ ಕಿರುಕಾಣಿಕೆ. ಬಾಳೆಹಕ್ಲಿನ ಸಂಕ ಇಂದು ಲೋಕಾರ್ಪಣೆ’ ಎಂದು ಬರೆದರು. ಐರೋಲಿಯಿಂದ ಬೇಲಾಪುರಕ್ಕೆ ನಿಂತುಕೊಂಡು ಹೋಗುವಾಗ ಟ್ರೇನಿನಲ್ಲಿ ನೋಡಿದೆ. ಪ್ರತಿ ಸ್ಟೇಶನ್ನಿಗೂ ಹತ್ತು ಹತ್ತು ಕೈಮುಗಿತ ಬಂದು ಸೇರುತ್ತಿದ್ದವು. ನೆರೂಲ್ ಬರುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ನಾನೂ ಅಲ್ಲಿ ಎರಡು ಸಾಲು ಬರೆದೆ. ಏನು ಬರೆದೆ ಎಂಬುದನ್ನು ಅಕ್ಕನ ಬಾಯಿಂದಲೇ ಕೇಳಿ. ನಾನೇ ಹೇಳಲು ಸ್ವಲ್ಪ ಮುಜುಗರವಾಗುತ್ತದೆ.

ಎಂಟು ದಿನದ ಮೇಲೆ ಅಕ್ಕನ ಫೋನು ಬಂತು. ಸಂಕ ಆಗಿದೆಯಲ್ಲ ಎಂದು ಪಂಚಾಯಿತಿಯವರು ಅವಳ ಅರ್ಜಿಯನ್ನು ಪಟ್ಟಿಯಿಂದ ತೆಗೆದುಹಾಕಿದ್ದರು. ಪಂಚಾಯಿತಿಯ ಸದಸ್ಯರೊಬ್ಬರು ನಮ್ಮ ಗುಂಪಿನಲ್ಲಿದ್ದಾರೆ. ಅವರೇ ಕಚೇರಿಯಲ್ಲಿ ಮೊಬೈಲು ತೋರಿಸಿದರಂತೆ. ಬಂದು ನೋಡಿ ಅಂದರೆ ಯಾರೂ ಬರುವವರಿಲ್ಲ; ಸಂಕ ಇಲ್ಲ ಎಂದು ನೋಡಬೇಕಾದರೆ ಆ ಜಾರುವ ಮರದ ತನಕ ಮಳೆಯಲ್ಲಿ ಮೂರು ಮೈಲು ನಡೆಯಬೇಕು. ಪಟ್ಟಿಗೆ ಕೊನೆಯ ಸಹಿ ಬೀಳುವುದು ಬರುವ ಶನಿವಾರ. ನಾನು ಕೆಂಡವಾದೆ. ಸುಧಾಕರಣ್ಣನ ಸುಳ್ಳು, ಅವರ ಗುದ್ದಲಿ, ಅವರ ಇಪ್ಪತ್ತೊಂದು ಮಾಳಿಗೆ ಎಲ್ಲವನ್ನೂ ಸೇರಿಸಿ ಬೈಯತೊಡಗಿದೆ. ಅಕ್ಕ ಎಲ್ಲವನ್ನೂ ಕೇಳಿದಳು. ಆಮೇಲೆ ಅಂದಳು:

“ಅವ ಹೇಳಿರೆ ಇಲ್ಲ್ ಯಾರ್ ನಂಬ್ತ್ರ್? ‘ನಕ್ಷೆ ನಾನೇ ಮಾಡಿ ಕೊಟ್ಟದ್ದ್, ಆಯ್ತವಾರ ಬಂದ್ ದಾಟಿ ಕಂಡೆ, ಗಟ್ಟಿ ಇತ್ತ್’ ಅಂದೇಳಿ ನೀ ಬರ್ದ್ಯಲೆ, ಅದನ್ನ್ ನಂಬಿದ್ರ್. ನಾ ಇಲ್ಲೆ ಅಂದ್ರೆ, ನಿಮ್ಮ ತಮ್ಮನೇ ದಾಟಿದ್ರಲೆ ಟೀಚರೆ ಅಂತ್ರ್.”

ಬೇಲಾಪುರದ ಸರಕಾರಿ ಕಚೇರಿಯಲ್ಲಿ ನಾನು ಬಂದ ಟಪಾಲಿಗೆ ಠಸ್ಸೆ ಒತ್ತುವವನು. ಆದರೆ ಊರಿನಲ್ಲಿ, ನವಿ ಮುಂಬಯಿಯ ಅರ್ಧ ರಸ್ತೆ ನನ್ನ ಕೈಯಿಂದಲೇ ಆದದ್ದೆಂದು ಒಂದು ಮಾತಿದೆ. ಅದನ್ನು ನಾನು ಹುಟ್ಟಿಸಿದ್ದಲ್ಲ. ಹುಟ್ಟಿದ ಮೇಲೆ ಕೊಲ್ಲಲಿಲ್ಲ, ಅಷ್ಟೇ. ಅಕ್ಕ ಇನ್ನೊಂದು ಮಾತು ಹೇಳಿದಳು. “ನೀ ಊರಿಗ್ ಬಂದ್ ನನ್ನ ಮನಿಗ್ ಬಾರ್ದೇ ಹೋದ್ಯಲೆ ಅಂದೇಳಿ ನಂಗ್ ಎರಡ್ ದಿನ ಊಟ ಸೇರ್ಲಿಲ್ಲೆ ಮಾರಾಯಾ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು.

ಆದರೂ ಒಂದು ಉಪಾಯ ಇದೆ ಅನ್ನಿಸಿತು. ಸುಧಾಕರಣ್ಣ ತಮ್ಮ ಮಾತನ್ನು ಹಿಂದೆ ತೆಗೆದುಕೊಂಡರೆ ನನ್ನದು ತಾನಾಗಿಯೇ ಅದರ ಹಿಂದೆ ಹೋಗುತ್ತದೆ. ಆ ಸಂಜೆ ಖಾರಘರದ ಅವರ ಹೋಟೆಲಿಗೆ ಹೋದೆ. ಅವರು ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿ, ನಾನು ಬೇಡ ಬೇಡ ಅಂದರೂ ಮಸಾಲೆ ದೋಸೆ ತರಿಸಿದರು. ಸಂಕ ಮಾಡಿಸುವ ಮನಸ್ಸು ನಿಜವಾಗಿಯೂ ಇದೆಯಂತೆ. ಫೋಟೋ, ಕಬ್ಬಿಣದ ಕೆಲಸದವನು ಮಾದರಿಗೆಂದು ಕಳಿಸಿದ್ದು. ಮಾಡಿದ ಮೇಲೆ ಹಾಕಬೇಕಾದ್ದನ್ನು ಮೊದಲೇ ಹಾಕಿದೆ, ಅದರಲ್ಲಿ ಸುಳ್ಳೇನು ಬಂತು ಎಂದರು. ಅಕ್ಕನ ಅರ್ಜಿಯ ವಿಷಯ ಹೇಳಿದೆ. ಒಂದು ಗಳಿಗೆ ಅವರ ಮುಖ ಸಣ್ಣದಾಯಿತು. ಮರುಗಳಿಗೆಗೆ ಸರಿಯಾಯಿತು.

“ಕಾಣ್, ನಾನ್ ಕಟ್ಟದೆ ಕಟ್ಟಿದೆ ಅಂದೆ, ನೀನ್ ದಾಟದೆ ದಾಟಿದೆ ಅಂದೆ. ಇಬ್ಬರೂ ಸುಮ್ನೆ ಇದ್ರೆ ಇಬ್ಬರ ಮರ್ಯಾದೆನೂ ಉಳೀತದೆ. ಮುಂದಿನ ವರ್ಷ ಅರ್ಜಿ ಕೊಡ್ಲಿ ಟೀಚರ್. ತಲೆಬಿಸಿ ಯಾಕೆ? ಟೆನ್ಶನ್ ಕಾಯ್ಕು ಲೇನೇಕಾ?”

ದೋಸೆ ಚೆನ್ನಾಗಿತ್ತು, ನಾನು ಪೂರ್ತಿ ತಿಂದೆ. ಆದರೆ ಮುಂದಿನ ವರ್ಷದ ತನಕ ಆ ಒಂಬತ್ತು ಮಕ್ಕಳು ಎಲ್ಲಿ ದಾಟಬೇಕು? ನಮ್ಮಿಬ್ಬರ ಮರ್ಯಾದೆಯ ಮೇಲೆಯೇ? ಕೈ ತೊಳೆದು ಬಂದವನು ಖಾರಘರದ ಪ್ಲಾಟ್‌ಫಾರ್ಮಿನಲ್ಲಿ ನಿಂತು ಗುಂಪಿಗೆ ಬರೆದೆ: ಬಾಳೆಹಕ್ಲಿನಲ್ಲಿ ಸಂಕ ಇಲ್ಲ. ಸುಧಾಕರಣ್ಣ ಕಟ್ಟಿಸಿಲ್ಲ. ನಾನು ದಾಟಿಲ್ಲ. ನಕ್ಷೆ ಮಾಡಲು ನನಗೆ ಬರುವುದಿಲ್ಲ, ನಾನು ಠಸ್ಸೆ ಒತ್ತುವ ಗುಮಾಸ್ತ. ಪಂಚಾಯಿತಿಯವರು ಇದನ್ನೂ ಕಚೇರಿಯಲ್ಲಿ ತೋರಿಸಬೇಕು. ಟ್ರೇನು ಬೇಲಾಪುರ ದಾಟುವಷ್ಟರಲ್ಲಿ ನನ್ನನ್ನು ಗುಂಪಿನಿಂದ ತೆಗೆದಾಗಿತ್ತು. ತೆಗೆದವರು ಗುಂಪಿನ ಅಡ್ಮಿನ್, ಸುಧಾಕರಣ್ಣನ ಭಾವ. ಕಾರಣ, ಹಿರಿಯರ ಅವಮಾನ. ಆ ಸದಸ್ಯರಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತಲ್ಲ, ಎಲ್ಲರೆದುರು ಯಾಕೆ ಬೇಕಿತ್ತು ಎಂದು ವನಜ ಕೇಳಿದಳು. ಸಂತೆಯಲ್ಲಿ ನಿಂತು ಹೇಳಿದ ಸುಳ್ಳನ್ನು ಅಡುಗೆಮನೆಯಲ್ಲಿ ಕೂತು ತಿದ್ದಲಾಗುವುದಿಲ್ಲ ಎಂದೆ. ಈಗಲೂ ಅದನ್ನೇ ಹೇಳುತ್ತೇನೆ. ಅಕ್ಕನ ಕ್ಷಮೆ ಕೇಳಿದ್ದೇನೆ, ಅವಳ ಅಂಗನವಾಡಿಯ ಮಕ್ಕಳ ಕ್ಷಮೆಯನ್ನೂ ಕೇಳುತ್ತೇನೆ. ಇಲ್ಲದ ಸಂಕವನ್ನು ಇಲ್ಲ ಎಂದದ್ದಕ್ಕೆ ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಶನಿವಾರ ಅರ್ಜಿ ಮತ್ತೆ ಪಟ್ಟಿಗೆ ಸೇರಿತು. ಮಳೆ ನಿಂತ ಮೇಲೆ ಕೆಲಸ ಶುರುವಂತೆ. ಚೌತಿಗೆ ಊರಿಗೆ ಹೋದೆ. ಹೊಳೆ ತುಂಬಿ ಹರಿಯುತ್ತಿತ್ತು. ಅಕ್ಕ ಆಚೆ ದಡದಲ್ಲಿ ಕೊಡೆ ಹಿಡಿದು ನಿಂತಿದ್ದಳು. ಅವಳು ನನಗೆ ಹೇಳಿದ್ದು ಒಂದೇ ಮಾತು, “ದಾಟ್.” ಮರಗಳ ಮೇಲೆ ಕಾಲಿಟ್ಟೆ. ನಾಲ್ಕು ಹೆಜ್ಜೆಗೆ ಕೂತುಬಿಟ್ಟೆ. ಎರಡೂ ಬದಿಗೆ ಕಾಲು ಇಳಿಬಿಟ್ಟು, ಹೊಸ ಪ್ಯಾಂಟಿನ ಆಸೆ ಬಿಟ್ಟು, ಕೂತಲ್ಲೇ ತೆವಳುತ್ತ ಹೊರಟೆ. ಹಿಂದೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ತಾಳ್ಮೆಯಿಂದ ನಿಂತು ಕಾದಳು. ಆಚೆ ದಡದಲ್ಲಿ ಅಕ್ಕ ಕೈಹಿಡಿದು ಎಬ್ಬಿಸಿದಳು. ದಾಟಿದ್ದೆ. ಈ ಸಲ ನಿಜವಾಗಿ ದಾಟಿದ್ದೆ. ಕೈ ತನ್ನಷ್ಟಕ್ಕೇ ಜೇಬಿಗೆ ಹೋಗಿ ಮೊಬೈಲು ಹಿಡಿಯಿತು. ಕೆಳಗೆ ಕೆಂಪು ನೀರು, ಮೇಲೆ ಎರಡು ಮರ, ಪಕ್ಕದಲ್ಲಿ ನಾನು, ಎಂಥ ಫೋಟೋ! ಹಾಕಲು ಗುಂಪಿರಲಿಲ್ಲ. ಸುಧಾಕರಣ್ಣನಿಗೆ ಈಗಲೇ ಒಂದು ಫೋನು ಮಾಡಿ, ತಪ್ಪಾಯಿತು ಅಣ್ಣ, ಸೇರಿಸಿಕೊಳ್ಳಿ ಅಂದುಬಿಡೋಣ ಎನ್ನಿಸಿತು. ಸುಳ್ಳು ಯಾಕೆ ಹೇಳಲಿ, ನಂಬರನ್ನೂ ಒತ್ತಿದ್ದೆ. ಹೊಳೆಯ ಬದಿಯಲ್ಲಿ ರೇಂಜ್ ಇರಲಿಲ್ಲ.