ವಿಷಯ: ಮುದ್ದೆ ತಣ್ಣಗಾದ ಬಗ್ಗೆ

ಅರಸೀಕೆರೆ ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡು ಕೂತವಳಿಗೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ. ನಕ್ಕ ಮೇಲೆ ಮನಸ್ಸು ಕೆಡುತ್ತದೆ ಅನ್ನುವುದು ಬೇರೆ ಮಾತು.

ಮೊದಲೆಲ್ಲ ಪಹಣಿ, ಪಾಲುಪಟ್ಟಿ, ಬೇಲಿ ತಕರಾರಿನ ಅರ್ಜಿ ಟೈಪ್ ಮಾಡುತ್ತಿದ್ದೆ. ಈಗ ಬರುವುದೆಲ್ಲ ಫೋನು. ಗಂಡ ಹೆಂಡತಿ ಒಬ್ಬರಿಗೊಬ್ಬರು ಕಳಿಸಿದ ವಾಯ್ಸ್ ಮೆಸೇಜುಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿ, ಒಂದಕ್ಷರ ಬಿಡದೆ ಕಾಗದಕ್ಕೆ ಇಳಿಸಿಕೊಡಬೇಕು. ಡೈವೋರ್ಸ್ ಕೇಸಿಗೆ ಅದೇ ಸಾಕ್ಷಿ. ಪಕ್ಕದ ಮನೆಯವರ ಜಗಳಕ್ಕೆ ಕಿವಿ ಕೊಡಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದಳು. ನನ್ನ ಅನ್ನ ಅದರಲ್ಲೇ ಇದೆ ಅಂತ ಅವಳಿಗೇನು ಗೊತ್ತಿತ್ತು!

ನಾನೀಗ ಹೇಳುವುದು ಒಂದೇ ಜೋಡಿಯ ಕತೆ. ಗಂಡ ಇಲ್ಲಿಯ ಕೊಬ್ಬರಿ ಮಂಡಿಯವನು. ಹೆಂಡತಿ ಮಾದಿಹಳ್ಳಿ ಕಡೆಯವಳು.

ಕೈಯ ಅಭ್ಯಾಸ

ಕೇಸು ಹಾಕಿದವನು ಗಂಡ. ಹೆಂಡತಿಗೆ ಬಾಯಿ ಜೋರು, ಮಾತಿನಲ್ಲೇ ಹಿಂಸೆ ಕೊಡುತ್ತಾಳೆ ಅಂತ ದೂರು. ಸಾಕ್ಷಿಗೆ ಅವಳದೊಂದು ವಾಯ್ಸ್ ಮೆಸೇಜ್ ತಂದಿದ್ದ. ಕೇಳಿದೆ.

"ಎಲ್ ಹಾಳಾಗೋಗಿದೀರ್ರೀ? ಮುದ್ದೆ ತಣ್ಣಗಾಗಿ ಕಲ್ಲಾಗೈತೆ. ಬಂದ್ರೆ ಬನ್ನಿ, ಇಲ್ಲಾಂದ್ರೆ ಅಲ್ಲೇ ಸಾಯ್ರಿ!"

ಮೂವತ್ತು ವರ್ಷ ಅರ್ಜಿ ಬರೆದ ಕೈ ನನ್ನದು. ತಲೆ ಎಲ್ಲೋ ಇತ್ತು, ಬೆರಳು ತಮ್ಮ ಪಾಡಿಗೆ ಓಡಿದವು. ಸಂಜೆ ವಕೀಲರು ಹಾಳೆ ಹಿಡಿದು ಜೋರಾಗಿ ಓದಿದಾಗಲೇ ನನಗೂ ಗೊತ್ತಾಗಿದ್ದು.

"ವಿಷಯ: ಮುದ್ದೆ ತಣ್ಣಗಾದ ಬಗ್ಗೆ. ಮಾನ್ಯರೇ, ತಾವು ಎಲ್ಲಿ ಹಾಳಾಗಿರುತ್ತೀರಿ ಎಂಬುದು ತಿಳಿದುಬಂದಿರುವುದಿಲ್ಲ. ಮುದ್ದೆಯು ತಣ್ಣಗಾಗಿ ಕಲ್ಲಾಗಿರುತ್ತದೆ. ಆದುದರಿಂದ ತಾವು ಕೂಡಲೇ ಆಗಮಿಸಬೇಕಾಗಿಯೂ, ತಪ್ಪಿದಲ್ಲಿ ಇದ್ದಲ್ಲಿಯೇ ಸಾಯಬೇಕಾಗಿಯೂ ಈ ಮೂಲಕ ಕೋರಲಾಗಿದೆ. ಇಂತಿ ತಮ್ಮ ವಿಶ್ವಾಸಿ."

ವಕೀಲರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಅಮ್ಮಾ, ಇಷ್ಟು ಮರ್ಯಾದಸ್ಥ ಹೆಂಡ್ತೀನ ಬಿಟ್ರೆ ಜಡ್ಜು ನನ್ನ ಕ್ಲೈಂಟನ್ನೇ ಒಳಗೆ ಹಾಕ್ತಾರೆ."

ಹನ್ನೊಂದು ಹಾಳೆ ಹೆಬ್ಬೆರಳು

ವಾರ ಕಳೆದ ಮೇಲೆ ಹೆಂಡತಿಯೇ ಬಂದಳು. ಬೇಲೂರಿನಿಂದ ಬಂದ ಅವಳ ವಕೀಲರೂ ಜೊತೆಗಿದ್ದರು. ಫೋನು ನನ್ನ ಕೈಗಿಟ್ಟು, "ಪೂರ್ತಿ ಟೈಪ್ ಮಾಡಿ ಅಮ್ಮಾ. ನಂಗೆ ಅವರಿಂದ ಏನೂ ಬೇಡ. ಒಂದ್ ಮಾತು ಆಡಿದ್ರೆ ಸಾಕಿತ್ತು," ಅಂದಳು. ಕಣ್ಣಲ್ಲಿ ನೀರಿರಲಿಲ್ಲ. ಅದು ಎಂದೋ ಮುಗಿದಿತ್ತು ಅಂತ ಕಾಣುತ್ತೆ.

ಅವಳು ಬರೆದದ್ದಕ್ಕೆಲ್ಲ ಅವನ ಉತ್ತರ ಒಂದೇ, ಹೆಬ್ಬೆರಳು ಎತ್ತಿದ ಚಿತ್ರ. 'ಅಪ್ಪಂಗೆ ಹುಷಾರಿಲ್ಲ.' ಹೆಬ್ಬೆರಳು. 'ನಿಮ್ಮಮ್ಮ ಹೀಗಂದ್ರು.' ಹೆಬ್ಬೆರಳು. ಕಡೆಗೆ, 'ಬಟ್ಟೆ ತುಂಬ್ಕೊಂಡು ಮಾದಿಹಳ್ಳಿಗೆ ಹೊರಟೆ. ವಾಪಸ್ ಬರಲ್ಲ.' ಅದಕ್ಕೂ ಹೆಬ್ಬೆರಳು! ಪ್ರತಿ ಸಲವೂ 'ಹೆಬ್ಬೆರಳು ಎತ್ತಿದ ಚಿತ್ರ' ಅಂತ ಹನ್ನೊಂದು ಹಾಳೆ ತುಂಬ ಟೈಪ್ ಮಾಡಿ ನನ್ನ ಬೆರಳೇ ನೋಯತೊಡಗಿತು.

ಮಾರನೇ ದಿನ ಗಂಡ ಬಂದಾಗ ತಡೆಯಲಾರದೆ ಕೇಳಿಯೇಬಿಟ್ಟೆ. "ಏನಪ್ಪಾ ಇದು? ಹೆಂಡ್ತಿ ಮನೆ ಬಿಟ್ಟು ಹೋಗ್ತೀನಿ ಅಂದ್ರೆ ಶಹಬ್ಬಾಸ್ ಅಂತೀಯಾ?"

ಅವನು ನಿಜವಾಗಿಯೂ ಗಾಬರಿಯಾದ. "ಅಯ್ಯೋ, ಹಂಗಲ್ಲ ಅಮ್ಮಾ. ನೋಡಿದೆ ಅಂತ ಅರ್ಥ. ಮಂಡೀಲಿ ರೇಟ್ ಕಳಿಸ್ದೋರಿಗೆಲ್ಲ ಹಂಗೇ ಹಾಕೋದು."

ಹುಲಿಕೆರೆ ಮಾವ

ಇವರ ಮನೆತನದ ವಾಟ್ಸಾಪ್ ಗುಂಪೊಂದಿತ್ತು. ಬೇಸತ್ತ ಹೆಂಡತಿ ಅದರಲ್ಲಿ, 'ಇವರು ಕೋರ್ಟಿಗೆ ಹಾಕಿದಾರೆ, ಹಿರಿಯರು ಯಾರಾದ್ರೂ ಬಂದು ಬುದ್ಧಿ ಹೇಳಿ' ಅಂತ ಹಾಕಿದಳು. ಎಲ್ಲರೂ ಓದಿ ಸುಮ್ಮನಾದರು. ಉತ್ತರ ಕೊಟ್ಟವರು ಒಬ್ಬರೇ, ಗಂಡನ ಸೋದರಮಾವ, ಹುಲಿಕೆರೆಯವರು. ಗುಲಾಬಿ ಹೂವಿನ ಮಧ್ಯೆ, 'ಹಾರ್ದಿಕ ಶುಭಾಶಯಗಳು.'

ಅದೂ ಕೋರ್ಟಿಗೆ ಹೋಯಿತು. ಮನೆಯವರಿಗೆಲ್ಲ ಈ ಸಂಸಾರ ಮುರಿಯುವುದೇ ಬೇಕಿತ್ತು ಅನ್ನುವುದಕ್ಕೆ ಇದೇ ಸಾಕ್ಷಿ ಅಂದರು ಬೇಲೂರಿನ ವಕೀಲರು. ಮಾವನವರನ್ನು ಕಟಕಟೆಗೆ ಕರೆಸಿದರು.

ಮಾವ ಕೈಮುಗಿದರು. "ಬೆಳಗ್ಗೆ ಎದ್ದು ಎಲ್ಲಾ ಮೆಸೇಜಿಗೂ ಒಂದೊಂದ್ ಹೂ ಹಾಕ್ತೀನಿ ಸ್ವಾಮಿ. ಓದಕ್ಕೆ ಕಣ್ಣು ಕಾಣಲ್ಲ. ಹೋದ ತಿಂಗಳು ನಮ್ಮ ಬೀಗರು ತೀರ್ಕೊಂಡಾಗ್ಲೂ ಇದನ್ನೇ ಹಾಕಿದ್ದೆ."

ಒಂದು ವೈರು, ಎರಡು ಕಿವಿ

ನನ್ನ ಟೈಪಿಂಗ್ ಮೇಲೆ ಎರಡೂ ಕಡೆಯವರು ತಕರಾರು ಎತ್ತಿದರು. ತಪ್ಪು ನನ್ನದೇ, ಏನು ಹೇಳಲಿ. ಜಡ್ಜ್ ಸಾಹೇಬರಿಗೆ ಸಾಕಾಗಿತ್ತು. ಹೊಸದಾಗಿ ಟೈಪ್ ಮಾಡಿಸಿ, ಗಂಡ ಹೆಂಡತಿ ಇಬ್ಬರೂ ಕೂತು ಕೇಳಿ, ಸರಿ ಇದೆ ಅಂತ ಪ್ರತಿ ಹಾಳೆಗೂ ಸಹಿ ಹಾಕಿ ತನ್ನಿ ಅಂದರು.

ನನ್ನ ಅಂಗಡಿಯಲ್ಲಿ ಇರುವುದು ಒಂದೇ ಇಯರ್‌ಫೋನು, ಅದರ ವೈರೂ ಗಿಡ್ಡ. ಅವನ ಕಿವಿಗೊಂದು, ಅವಳ ಕಿವಿಗೊಂದು ಸಿಕ್ಕಿಸಿಕೊಂಡು ತಲೆಗೆ ತಲೆ ತಾಗಿಸಿ ಕೂತರು. ಟೀ ಕೊಡಲು ಬಂದ ಹೋಟೆಲ್ಲಿನವನು, "ಹೊಸ ಜೋಡೀನಾ ಅಮ್ಮಾ? ಹಾಡು ಕೇಳ್ತಾವ್ರೆ!" ಅಂದ. ಸುಮ್ಮನಿರಯ್ಯ ಅಂತ ಗದರಿಸಿ ಕಳಿಸಿದೆ.

ಮುದ್ದೆಯ ಮೆಸೇಜ್ ಬಂದಾಗ ಅವನ ಮುಖದಲ್ಲಿ ನಗು ಬಂದು ಹೋಯಿತು. ಅವಳೂ ತುಟಿ ಕಚ್ಚಿಕೊಂಡಳು. ದೇವರೇ, ಇವರು ಹೀಗೇ ಎದ್ದು ಮನೆಗೆ ಹೋಗಲಿ ಅಂತ ನಾನು ಒಳಗೊಳಗೇ ಬೇಡಿಕೊಂಡೆ.

ಆಮೇಲೆ ಬಂದದ್ದು ಹಾಸನದ ಆಸ್ಪತ್ರೆಯಿಂದ ಅವಳು ಕಳಿಸಿದ್ದು. ಹಾಳೆಯಲ್ಲಿ ನನ್ನ ಕಣ್ಣೂ ಅದೇ ಸಾಲಿನ ಮೇಲಿತ್ತು. "ಈ ಸಲಾನೂ ಮಗು ನಿಲ್ಲಲಿಲ್ಲ ರೀ. ಬಸ್ಸಲ್ಲಿ ಕೂತು ಬರಕ್ಕಾಗಲ್ಲ. ನೀವೇ ಬನ್ನಿ. ಬರೋವರ್ಗೂ ಇಲ್ಲೇ ಬಾಗ್ಲಲ್ಲಿ ಕೂತಿರ್ತೀನಿ."

ಅವನು ಇಯರ್‌ಫೋನು ಕಿತ್ತ. "ಇದನ್ನ ನಾನ್ ಕೇಳೇ ಇಲ್ಲ. ಯಾವತ್ ಕಳಿಸಿದ್ದೆ ಇದನ್ನ?"

"ಕೆಳಗೇ ಐತಲ್ಲ, ನಿಮ್ ಹೆಬ್ಬೆರಳು."

"ಉದ್ದ ಇದ್ರೆ ನಾನ್ ಕೇಳಲ್ಲ ಕಣೇ... ನೀನ್ ನನ್ನ ಕರೀಲೇ ಇಲ್ಲ ಅಂದ್ಕಂಡಿದ್ದೆ."

"ಬತ್ತೀನಿ ಅಂದ್ರಿ ಅಂದ್ಕಂಡೆ," ಅಂದಳು. "ಸಂಜೆ ಗಂಟ ಕಾದೆ."

ಅವಳು ಪೆನ್ನು ಕೇಳಿ ಇಸಿದುಕೊಂಡಳು. ಟೈಪ್ ಮಾಡಿದ್ದೆಲ್ಲ ಸರಿ ಇದೆ ಅಂತ ಹಾಳೆ ಹಾಳೆಗೂ ಸಹಿ ಹಾಕಿದಳು. ಅಲ್ಲಿಯವರೆಗೆ ಡೈವೋರ್ಸ್ ಬೇಡ ಅನ್ನುತ್ತಿದ್ದವಳು ಮುಂದಿನ ವಾಯಿದೆಗೆ ಬಂದು ನನ್ನ ಒಪ್ಪಿಗೆ ಇದೆ ಅಂದಳು. ಅಷ್ಟು ಸಾಕ್ಷಿ ಒಟ್ಟು ಹಾಕಿದ್ದ ಅವನ ವಕೀಲರಿಗೆ ವಾದ ಮಾಡುವುದಕ್ಕೇ ಏನೂ ಉಳಿಯಲಿಲ್ಲ.

ಉತ್ತರ

ತೀರ್ಪು ಬಂದ ಮೇಲೆ ಒಂದು ಮಧ್ಯಾಹ್ನ ಅವನು ಮತ್ತೆ ಬಂದ. ಆರ್ಡರ್ ಕಾಪಿಗೆ ಇರಬೇಕು ಅಂದುಕೊಂಡೆ. ಅವನು ಸ್ಟೂಲಿನ ಮೇಲೆ ಕೂತು ಫೋನು ಮುಂದೆ ಹಿಡಿದ.

"ಅವಳಿಗೊಂದು ಮೆಸೇಜ್ ಬರ್ದುಕೊಡಿ ಅಮ್ಮಾ. ನಂಗೆ ಬರಲ್ಲ."

"ಏನಂತ ಬರೀಲಪ್ಪಾ?"

"ತಪ್ಪಾಯ್ತು ಅಂತ."

"ಅಷ್ಟೇನಾ?"

"ಅವತ್ತು ಬರ್ಬೇಕಿತ್ತು ಅಂತಾನೂ ಹಾಕಿ. ಆಮೇಲೆ... ಊಟ ಆಯ್ತಾ ಅಂತ ಕೇಳಿ."

ಈ ಸಲ ನನ್ನ ಬೆರಳುಗಳನ್ನು ಬಿಗಿಹಿಡಿದೆ. ವಿಷಯ ಇಲ್ಲ, ಮಾನ್ಯರೇ ಇಲ್ಲ. ಅವನು ಆಡಿದ್ದನ್ನು ಆಡಿದ ಹಾಗೇ ಹಾಕಿ ಕಳಿಸಿದೆ. ಇಬ್ಬರೂ ಫೋನನ್ನೇ ನೋಡುತ್ತಾ ಕೂತೆವು. ಎರಡು ಗೀಟು ನೀಲಿಯಾದವು. ಅವನು ಕರವಸ್ತ್ರದಿಂದ ಮುಖ ಒರೆಸಿಕೊಂಡ.

ಫೋನು ಟಿಂಗ್ ಅಂದಿತು. ಹೆಬ್ಬೆರಳು.

ಅವನು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಮಗುವಿನ ಹಾಗೆ ನನ್ನ ಮುಖ ನೋಡಿದ. "ಬತ್ತೀನಿ ಅಂತಾನಾ ಅಮ್ಮಾ?"

"ಇಲ್ಲ ಕಣಪ್ಪಾ," ಅಂದೆ. "ನೋಡಿದೆ ಅಂತ."