ಎಡಕ್ಕೆ ವಾಲಿದ ಗೆಲುವು

"ಭಾವನ ಮನೇಲಿ ಹೆಲಿಕಾಪ್ಟರಿಗೂ ನೆಗಡಿ ಆಗತ್ತೆ," ಎಂದ ಐವಿನ್, ನೆಂಟರೆಲ್ಲ ಹುಟ್ಟುಹಬ್ಬದ ಕೇಕಿಗೆ ಚಮಚ ಹಾಕುವ ಹೊತ್ತಿಗೆ ಸರಿಯಾಗಿ. "ಸಿನಿಮಾ ಹಾಕಿದ್ರೆ ಎಡಗಡೆ ಸ್ಪೀಕರಿಂದ ಹೊರಡುವಾಗ ಗುಡುಗುಡು ಅಂತ ದರ್ಬಾರಾಗಿ ಹೊರಡತ್ತೆ. ನಡುವೆ ಟಿವಿ ಹತ್ರ ಬಂತೋ, ಮೂಗು ಕಟ್ಟಿ ಸೊಳ್ಳೆ ಆಗತ್ತೆ. ಬಲಗಡೆ ತಲುಪಿದ ಮೇಲೆ ಮತ್ತೆ ಹುಷಾರು."

ಎಲ್ಲರೂ ನಕ್ಕರು. ಪ್ರೇಬೆನ್‌ನ ಹೆಂಡತಿ ಗುಡ್ರುನ್ ಕೂಡ ನಕ್ಕಳು. ಹುಟ್ಟುಹಬ್ಬ ಅವಳದು, ಐವಿನ್ ಅವಳ ಒಡಹುಟ್ಟಿದ ತಮ್ಮ. ನಗದೆ ಇರುವುದಾದರೂ ಹೇಗೆ?

ಪ್ರೇಬೆನ್ ನಗಲಿಲ್ಲ. ಅವನು ಲಿಮ್‌ಫ್ಯೋರ್ಡ್ ಜಲಸಂಧಿಯ ಈ ದಡದಿಂದ ಆ ದಡಕ್ಕೆ ಜನರನ್ನೂ ಕಾರುಗಳನ್ನೂ ದಾಟಿಸುವ ಫೆರಿಯ ಕ್ಯಾಪ್ಟನ್. ಮಂಜು ಮುಸುಕಿದ ದಿನ ಎದುರಿನ ದೋಣಿ ಎಲ್ಲಿದೆ ಎಂದು ಬರೀ ಕಿವಿಯಿಂದ ಹೇಳಬಲ್ಲವನು. ಅಂಥ ಕಿವಿಗೆ ಒಬ್ಬ ಹಲ್ಲಿನ ಡಾಕ್ಟರು ಪಾಠ ಹೇಳುವುದೆಂದರೇನು? (ಐವಿನ್ ಹಲ್ಲಿನ ಡಾಕ್ಟರು. ಎದುರಿಗಿದ್ದವರು ಬಾಯಿ ತೆರೆದುಕೊಂಡು ಸುಮ್ಮನೆ ಕೇಳುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು.)

"ಅದಕ್ಕೇ ಹೇಳೋದು," ಐವಿನ್ ಮುಂದುವರಿಸಿದ, "ಈ ಸಲ ಹ್ಯಾಂಡ್‌ಬಾಲ್ ಫೈನಲ್ ನಮ್ಮನೇಲಿ ನೋಡೋಣ. ನನ್ನ ಐದು ಸ್ಪೀಕರೂ ಒಂದೇ ತಾಯಿ ಮಕ್ಕಳು. ಅಂಗಡಿಯವರೇ ಬಂದು ಕೂರಿಸಿ, ಅಳೆದು, ಯಾರೂ ಮುಟ್ಟಬಾರದು ಅಂತ ಲಾಕ್ ಹಾಕಿ ಹೋಗಿದ್ದಾರೆ."

ಮಾತು ಎಲ್ಲಿಗೆ ಬಂತೆಂದು ಪ್ರೇಬೆನ್‌ಗೆ ಆಗ ತಿಳಿಯಿತು. ಡಿಸೆಂಬರ್‌ನಲ್ಲಿ ನಮ್ಮ ದೇಶದ ಹುಡುಗಿಯರ ತಂಡದ ಹ್ಯಾಂಡ್‌ಬಾಲ್ ನೋಡಲು ಇಡೀ ಬಳಗ ಸೇರುವುದು ಅವನ ಮನೆಯಲ್ಲಿ. ಮದುವೆಯಾದಂದಿನಿಂದ ನಡೆದು ಬಂದ ಸಂಪ್ರದಾಯ. ಅವತ್ತೊಂದು ದಿನ ಅವನು ಆ ಮನೆತನದ ಮಹಾರಾಜ. ಉಳಿದ ದಿನ ಗುಡ್ರುನ್ ಹೇಳಿದಲ್ಲಿ ಚಪ್ಪಲಿ ಬಿಡುವ ಪ್ರಜೆ.

ಎಲ್ಲರ ಕಣ್ಣೂ ಆಸ್ಟಾ ಅತ್ತೆಯ ಕಡೆ ಹೊರಳಿತು. ಗುಡ್ರುನ್ ಮತ್ತು ಐವಿನ್‌ರ ತಾಯಿ ಆಕೆ. ಎಂಬತ್ತು ದಾಟಿದ್ದರೂ ಬೆನ್ನು ಫೆರಿಯ ಧ್ವಜಸ್ತಂಭದ ಹಾಗೆ ನೆಟ್ಟಗಿತ್ತು. ಆಕೆಯ ಮಾತೇ ಆ ಬಳಗಕ್ಕೆ ಸಂವಿಧಾನ.

"ಈ ವರ್ಷ ಪ್ರೇಬೆನ್ ಮನೇಲೇ," ಎಂದರು ಅತ್ತೆ, ಕಾಫಿ ಕಲಕುತ್ತ. "ಅದನ್ನ ಕೇಳಿಕೊಂಡು ಮುಂದಿಂದು ಹೇಳ್ತೀನಿ."

ನೆಂಟರು ಹೋದ ಮೇಲೆ ಪ್ರೇಬೆನ್ ಅದೇ ಸಿನಿಮಾ ಹಾಕಿ ಹೆಲಿಕಾಪ್ಟರನ್ನು ಮತ್ತೆ ಮತ್ತೆ ಹಾರಿಸಿದ. ಸುಳ್ಳಲ್ಲ, ನೆಗಡಿಯೇ. ಮುಂದಿನ ಎರಡು ಸ್ಪೀಕರುಗಳು ಅವನು ಬ್ರಹ್ಮಚಾರಿಯಾಗಿದ್ದಾಗ ಕೊಂಡ, ಸೊಂಟದೆತ್ತರದ ತೇಗದ ಪೆಟ್ಟಿಗೆಗಳು. ನಡುವಿನದು ಟಿವಿ ಜೊತೆ ಬಂದ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಹಿಂದಿನ ಎರಡು, ಮುಚ್ಚಿಹೋದ ಡಾನ್ಸ್ ಶಾಲೆಯಿಂದ ತಂದವು. ಐದಕ್ಕೂ ಐದು ಗಂಟಲು.

ಸದ್ದಿನ ಏರುಪೇರನ್ನಾದರೂ ಸರಿಮಾಡೋಣ ಎಂದು ಅವನು ಮರುದಿನ ಬೆಳಿಗ್ಗೆಯೇ ಪರೀಕ್ಷೆಯ ಸದ್ದು ಹಾಕಿದ. ಅದು ಹಾಡಲ್ಲ, ಮಾತಲ್ಲ, ಬರೀ "ಶ್ಶ್ಶ್". ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಕೋಣೆ ಸುತ್ತುತ್ತ ಹೋಗುತ್ತದೆ. ಎಲ್ಲ ಕಡೆ ಒಂದೇ ಥರ ಕೇಳಬೇಕು. ಪ್ರೇಬೆನ್ ನಡುವೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಸದ್ದಳೆಯುವ ಯಂತ್ರ ಹಿಡಿದು, ಋಷಿಯಂತೆ ಕಣ್ಣು ಮುಚ್ಚಿ ಕೂತ.

"ಮನೆ ಸುತ್ತ ಯಾರೋ ಈರುಳ್ಳಿ ಹುರಿತಾ ಇದ್ದಾರೆ," ಎಂದಳು ಗುಡ್ರುನ್.

"ಮಾತಾಡಬೇಡ. ಯಂತ್ರ ನಿನ್ನನ್ನೂ ಅಳೆಯುತ್ತೆ."

"ಅಳೆಯಲಿ ಬಿಡು. ಇಷ್ಟು ವರ್ಷದಲ್ಲಿ ಈ ಮನೇಲಿ ನನ್ನ ಮಾತಿಗೆ ಒಂದು ಬೆಲೆ ಅಂತ ಸಿಕ್ಕ ಹಾಗಾಯ್ತು."

ಮಧ್ಯಾಹ್ನದ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಹೋಲ್ಗರ್ ನಿಂತಿದ್ದ. ಅವನ ಹಿಂದೆ ನಲ್ಲಿ ರಿಪೇರಿಯವನು ಸಲಕರಣೆಯ ಪೆಟ್ಟಿಗೆ ಸಮೇತ. "ಬೆಳಗಿನಿಂದ ನಮ್ಮಿಬ್ಬರ ಗೋಡೆ ಒಳಗೆ ನೀರು ಸೋರ್ತಾ ಇದೆ ಪ್ರೇಬೆನ್," ಎಂದ ಹೋಲ್ಗರ್ ಗಾಬರಿಯಿಂದ. "ವಿಚಿತ್ರ ಅಂದ್ರೆ, ಸೋರಿಕೆ ಜಾಗ ಬದಲಾಯಿಸ್ತಾ ಇದೆ." ಗೋಡೆ ಒಡೆಯುವುದೊಂದು ಬಾಕಿ ಇತ್ತು. ಗುಡ್ರುನ್ ಇಬ್ಬರಿಗೂ ಕಾಫಿ ಕೊಟ್ಟು ಮಾನ ಉಳಿಸಿದಳು.

ಆದರೆ ಆ ದಿನದ ತಪಸ್ಸಿನಿಂದ ಪ್ರೇಬೆನ್‌ಗೆ ಒಂದು ಸತ್ಯ ಹೊಳೆದಿತ್ತು. ಸದ್ದಿನ ಪ್ರಮಾಣವನ್ನು ತಿರುಪಿನಿಂದ ಸರಿಮಾಡಬಹುದು, ಗಂಟಲನ್ನಲ್ಲ. ಕಾಗೆಗೆ ಎಷ್ಟು ಸಕ್ಕರೆ ತಿನ್ನಿಸಿದರೂ ಅದು ಕೋಗಿಲೆಯ ಪಕ್ಕ ನಿಂತು ಹಾಡಲಾರದು. ಅವನಿಗೆ ತನ್ನ ಹಳೆಯ ಪೆಟ್ಟಿಗೆಗಳದೇ ಇನ್ನೂ ಮೂರು ಬೇಕಿತ್ತು.

ಹುಡುಕಿದವನಿಗೆ ಆಚೆ ದಡದಲ್ಲೇ ಸಿಕ್ಕವು. ಒಬ್ಬ ವಿಧುರನ ಬಳಿ ಅವೇ ಪೆಟ್ಟಿಗೆಗಳು, ಸರಿಯಾಗಿ ಮೂರು ಉಳಿದಿದ್ದವು. "ಹೊಸ ಗೆಳತಿ ಬಂದಿದ್ದಾಳೆ," ಎಂದ ಆತ ಪಿಸುದನಿಯಲ್ಲಿ, "ಒಂದೋ ಇವು ಇರಬೇಕು, ಇಲ್ಲಾ ನಾನು ಅಂದಳು. ನಾನೂ ಒಂದು ವಾರ ಯೋಚನೆ ಮಾಡಿದೆ."

ಮೂರನ್ನೂ ಪ್ರೇಬೆನ್ ತನ್ನದೇ ಫೆರಿಯಲ್ಲಿ, ಕಾರುಗಳ ನಡುವೆ ನೆಟ್ಟಗೆ ನಿಲ್ಲಿಸಿ, ಹಗ್ಗ ಬಿಗಿದು, ಮದುವಣಗಿತ್ತಿಯರ ಹಾಗೆ ಮನೆ ತುಂಬಿಸಿಕೊಂಡ.

"ಇವು ಇಲ್ಲಿ ನಿಂತ್ರೆ ನಾವೆಲ್ಲಿ ಕೂರೋದು ಮಾರಾಯ?" ಎಂದಳು ಗುಡ್ರುನ್.

ಪ್ರಶ್ನೆ ನ್ಯಾಯವಾದದ್ದೇ. ಗುಡ್ರುನ್‌ಳ ಹೊಲಿಗೆ ಮೇಜು ಮಹಡಿಗೆ ಹೋಯಿತು, ಹೂಕುಂಡಗಳು ಬಚ್ಚಲಿಗೆ ಹೋದವು. ನಡುವಿನ ಪೆಟ್ಟಿಗೆ ಟಿವಿಗೇ ಅಡ್ಡ ನಿಂತದ್ದರಿಂದ ಟಿವಿಯನ್ನು ಗೋಡೆಯ ಮೇಲಕ್ಕೆ ಏರಿಸಬೇಕಾಯಿತು. ಇನ್ನು ಮೇಲೆ ಚರ್ಚಿನ ಗಂಟೆ ನೋಡುವ ಹಾಗೆ ಕತ್ತೆತ್ತಿಯೇ ನೋಡಬೇಕು. ಪ್ರೇಬೆನ್ ಹಜಾರದ ನಡುವೆ ತನ್ನ ಚರ್ಮದ ಕುರ್ಚಿ ಇಟ್ಟು, ಅಲ್ಲಿಂದ ಒಂದೊಂದು ಪೆಟ್ಟಿಗೆಯ ದೂರ ಅಳೆದು, ಒಂದರ ಸದ್ದನ್ನು ಕೂದಲೆಳೆಯಷ್ಟು ಏರಿಸಿ, ಇನ್ನೊಂದರದನ್ನು ಅಷ್ಟೇ ಇಳಿಸಿ, ಕೊನೆಗೆ ಹೆಲಿಕಾಪ್ಟರನ್ನು ಬಿಟ್ಟ.

ಅದು ಎಡದಿಂದ ಹೊರಟಿತು. ನಡುವೆ ಬಂದಿತು. ಬಲಕ್ಕೆ ದಾಟಿ, ಸೋಫಾದ ಹಿಂದಿನಿಂದ ಸುತ್ತಿ ಮರಳಿತು. ಎಲ್ಲೂ ಕೆಮ್ಮಲಿಲ್ಲ, ಸೀನಲಿಲ್ಲ. ಅಡುಗೆಮನೆಯಿಂದ ಬಂದ ಗುಡ್ರುನ್ ತನಗೇ ಗೊತ್ತಿಲ್ಲದೆ ತಲೆ ತಗ್ಗಿಸಿದಳು. ಇದಕ್ಕಿಂತ ದೊಡ್ಡ ಪ್ರಶಸ್ತಿ ಪ್ರೇಬೆನ್‌ಗೆ ಬೇಕಿರಲಿಲ್ಲ.

ಫೈನಲ್‌ನ ಭಾನುವಾರ ಮಧ್ಯಾಹ್ನ ಬಳಗವೆಲ್ಲ ಬಂತು. ಗುಂಡನೆಯ ಸಿಹಿ ಪಡ್ಡಿನಂಥ ಬಿಸಿ ಎಬ್ಲೆಸ್ಕೀವರ್, ಸಕ್ಕರೆಪುಡಿ, ಜಾಮು, ದೊಡ್ಡವರಿಗೆ ಬಿಸಿ ವೈನು. ಐವಿನ್ ಐದು ಪೆಟ್ಟಿಗೆಗಳನ್ನೂ ರೋಗಿಯ ಬಾಯಿ ನೋಡಿದಂತೆ ಬಗ್ಗಿ ಬಗ್ಗಿ ನೋಡಿದ. ಚರ್ಮದ ಕುರ್ಚಿಯಲ್ಲಿ, ಯಾರನ್ನೂ ಕೇಳದೆ, ಆಸ್ಟಾ ಅತ್ತೆ ಕೂತರು.

ಆಟ ಶುರುವಾಯಿತು. ಪ್ರೇಕ್ಷಕರ ಕೂಗು ಬೆನ್ನ ಹಿಂದಿನಿಂದ ಎದ್ದು ತಲೆಯ ಮೇಲೆ ಹಾದುಹೋಯಿತು. ನೆಲಕ್ಕೆ ಬೂಟು ಉಜ್ಜಿದ ಕಿರ್ ಸದ್ದು ಎಲ್ಲಿಂದ ಬಂತೆಂದು ಬೆರಳಿಟ್ಟು ತೋರಿಸಬಹುದಿತ್ತು. ಚೆಂಡು ಕಂಬಕ್ಕೆ ಬಡಿದಾಗ ಐವಿನ್ ಕೈಯ ಲೋಟ ತುಳುಕಿತು.

"ಹ್ಞೂಂ, ಪರವಾಗಿಲ್ಲ ಭಾವ," ಎಂದ ಅವನು, ಸ್ವಂತ ಹಲ್ಲನ್ನೇ ಕಿತ್ತುಕೊಂಡವನ ಮುಖ ಮಾಡಿ.

ಪ್ರೇಬೆನ್ ಎದೆಯುಬ್ಬಿಸುವಷ್ಟರಲ್ಲಿ ಅತ್ತೆ ಹುಬ್ಬು ಗಂಟಿಕ್ಕಿ ಕೇಳಿದರು: "ಎಡಗಡೆ ಜನ ಇನ್ನೂ ಬಂದಿಲ್ವಾ?"

ಐವಿನ್‌ನ ಮುಖ ಅರಳಿತು. "ನಾನು ಆಗಲೇ ಅಂದುಕೊಂಡೆ ಅಮ್ಮ. ಎಡಗಡೆ ಏನೋ ಕಮ್ಮಿ."

ಕಮ್ಮಿ ಇರಲಿಲ್ಲ. ಯಂತ್ರ ಸಾಕ್ಷಿ, ಪ್ರೇಬೆನ್‌ನ ಕಿವಿ ಸಾಕ್ಷಿ. ಅರ್ಧ ಆಟದ ವಿರಾಮದಲ್ಲಿ ಉಳಿದವರು ವೈನಿಗೆ ಎದ್ದಾಗ ಅವನು ಅತ್ತೆಯ ಕುರ್ಚಿಯ ಪಕ್ಕ ಮಂಡಿಯೂರಿ ಹೇಳಿದ: "ಅತ್ತೆ, ಎರಡೂ ಕಡೆ ಸಮ ಇದೆ. ಆಣೆ."

ಅತ್ತೆ ಅವನ ಸ್ವೆಟರಿನ ಕುತ್ತಿಗೆ ಹಿಡಿದು ಹತ್ತಿರ ಎಳೆದುಕೊಂಡರು. "ಇರಬಹುದು ಕಣೋ. ನನ್ನ ಎಡಗಿವಿ ಸತ್ತು ಎಷ್ಟು ಕಾಲ ಆಯ್ತೋ. ಯಾರಿಗೂ ಹೇಳಿಲ್ಲ. ಗೊತ್ತಾದ್ರೆ ಐವಿನ್ ನನ್ನ ಹಿಡಿದುಕೊಂಡು ಹೋಗಿ ಡಾಕ್ಟರುಗಳ ಮುಂದೆ ಮೆರವಣಿಗೆ ಮಾಡ್ತಾನೆ. ಅವನ ಮನೇಲಿ ಅರ್ಧ ಆಟಾನೇ ಕೇಳಿಸೋದು. ನಿನ್ನ ಕೈಲಿ ಏನಾದ್ರೂ ಆಗತ್ತಾ?"

ಪ್ರೇಬೆನ್ ರಿಮೋಟನ್ನು ನೋಡಿದ. ಎಷ್ಟೊಂದು ದಿನ ಕೂದಲೆಳೆ ಕೂದಲೆಳೆಯಾಗಿ ತೂಗಿದ ಸಮತೋಲನ. ಅದನ್ನು ತನ್ನ ಕೈಯಿಂದಲೇ ಕೆಡಿಸುವುದೆಂದರೆ ಹೆತ್ತ ಮಗುವಿನ ತಲೆ ಬೋಳಿಸಿದ ಹಾಗೆ. ಅತ್ತೆಯನ್ನು ನೋಡಿದ. ಆ ನೆಟ್ಟನೆಯ ಬೆನ್ನಿನ ಹೆಂಗಸು ಅವನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಎಡಗಡೆಯ ಎರಡೂ ಪೆಟ್ಟಿಗೆಗಳ ಸದ್ದನ್ನು ಅವನು ಏರಿಸಿದ. ಅತ್ತೆ ತಲೆಯಾಡಿಸುವವರೆಗೆ ಏರಿಸುತ್ತಲೇ ಹೋದ.

ಎರಡನೆಯ ಅರ್ಧ ಶುರುವಾದದ್ದೇ ಇಡೀ ಕ್ರೀಡಾಂಗಣ ಎಡಗೋಡೆಗೆ ಜಾರಿತು. ಆ ಕಡೆ ಕೂತ ನೆಂಟರು ಕಿವಿ ಮುಚ್ಚಿಕೊಂಡರು. "ಭಾವ, ಎಡಗಡೆ ವಿಪರೀತ ಆಯ್ತು," ಎಂದು ಐವಿನ್ ಎದ್ದು ನಿಂತ. "ಇದು ತಪ್ಪು. ಯಾರನ್ನ ಬೇಕಾದ್ರೂ ಕೇಳಿ, ಇದು ತಪ್ಪು."

"ಕೂತ್ಕೋ," ಎಂದರು ಅತ್ತೆ. ಆಕೆಯ ಮುಖದಲ್ಲಿ ದೀಪ ಹತ್ತಿತ್ತು. ಬರುವ ಒಂದೊಂದು ಕೂಗಿಗೂ ಮಗುವಿನಂತೆ ಕತ್ತು ಹೊರಳಿಸುತ್ತಿದ್ದರು. "ಈಗ ನೋಡು ಆಟ ಅಂದ್ರೆ."

"ನಾನು ಹೇಳೋದನ್ನ ಒಂದು ಕಿವೀಲಿ ಕೇಳಿ ಇನ್ನೊಂದು ಕಿವೀಲಿ ಬಿಡ್ತಾ ಇದ್ದೀಯ ಅಮ್ಮ."

"ಅದೊಂದು ಮಾತ್ರ ನನ್ನ ಕೈಲಿ ಆಗಲ್ಲ," ಎಂದರು ಅತ್ತೆ. ಪ್ರೇಬೆನ್‌ಗೆ ಬಾಯಿಗಿಟ್ಟ ಎಬ್ಲೆಸ್ಕೀವರ್ ನೆತ್ತಿಗೇರಿತು.

ನಮ್ಮ ಹುಡುಗಿಯರು ಗೆದ್ದರು. ಕುಣಿದಾಟ ಮುಗಿದ ಮೇಲೆ ಅತ್ತೆ ತೀರ್ಪು ಓದಿದರು: "ಇನ್ನು ನಾನಿರೋವರೆಗೂ ಫೈನಲ್ ಪ್ರೇಬೆನ್ ಮನೇಲೇ. ಐವಿನ್, ನಿನ್ನ ಸ್ಪೀಕರುಗಳು ಚೆನ್ನಾಗಿವೆ, ಆದ್ರೆ ಹೇಳಿದ ಮಾತು ಕೇಳಲ್ಲ. ಭಾನುವಾರ ಭಾನುವಾರ ನಾನು ಇಲ್ಲಿಗೇ ಬರ್ತೀನಿ. ಯಾರೂ ಆ ತಿರುಪುಗಳನ್ನ ಮುಟ್ಟಕೂಡದು."

ಐವಿನ್ ತನ್ನ ಕೋಟು ಹುಡುಕಲು ಹೋದ. ಪ್ರೇಬೆನ್ ಗೆದ್ದಿದ್ದ. ಆದರೆ ಗೆದ್ದವನಿಗೆ ಕೂರಲು ಕುರ್ಚಿಯಿಲ್ಲ, ಕೇಳಲು ಸಮತೋಲನವಿಲ್ಲ. ಪ್ರಶಸ್ತಿ ಪ್ರದಾನದ ಸಂಗೀತ ಇನ್ನೂ ನಡೆಯುತ್ತಿತ್ತು. ಎಡದ ಅಬ್ಬರದಿಂದ ತಪ್ಪಿಸಿಕೊಳ್ಳಲು ಅವನು ಸೋಫಾದ ಬಲತುದಿಗೆ ಸರಿದ, ಇನ್ನೂ ವಾಲುತ್ತಿತ್ತು. ಎದ್ದು ಬಲಗೋಡೆಯುದ್ದಕ್ಕೂ ಕಿವಿ ಮುಂದಿಟ್ಟು ಹೆಜ್ಜೆ ಹೆಜ್ಜೆಯಾಗಿ ಹಿಂದೆ ನಡೆದ. ಅಡುಗೆಮನೆಯ ಹೊಸ್ತಿಲಿಗೆ ಬರುತ್ತಲೂ ಏನೋ ಕೂಡಿಕೊಂಡಿತು. ಎಡ ಬಲಕ್ಕೆ ಸಮವಾಯಿತು, ನಡುವಿನದು ನಡುವಿಗೆ ಬಂತು, ಇಡೀ ಕ್ರೀಡಾಂಗಣ ಅವನ ಸುತ್ತ ದುಂಡಗೆ ನಿಂತಿತು. ಪ್ರೇಬೆನ್ ಹೊಸ್ತಿಲ ಮೇಲೆ ಕಣ್ಣು ಮುಚ್ಚಿ ನಿಂತ. ಇಂಥ ಧ್ವನಿ ಐವಿನ್ ಜನ್ಮದಲ್ಲಿ ಕೇಳಿರಲಾರ.

ಒದ್ದೆಯಾದದ್ದೇನೋ ಕೈಗೆ ತಗುಲಿತು. ಕಣ್ಣು ಬಿಟ್ಟರೆ ಗುಡ್ರುನ್, ತೊಳೆದ ತಟ್ಟೆಯೊಂದನ್ನು ಹಿಡಿದು ನಿಂತಿದ್ದಳು. ಅವಳ ಹಿಂದೆ ಬಳಗದಷ್ಟೇ ದೊಡ್ಡ ಪಾತ್ರೆಗಳ ರಾಶಿ.

"ಅಲ್ಲಿಂದ ಕದಲಬೇಡ," ಎಂದು ಅವನ ಭುಜದ ಮೇಲೆ ಟವೆಲು ಹಾಕಿದಳು. "ಅಲ್ಲೇ ಚೆನ್ನಾಗಿ ಕೇಳಿಸೋದಾದ್ರೆ ಅಲ್ಲೇ ನಿಂತು ಒರೆಸು."

ಅಂದಿನಿಂದ ಪ್ರತಿ ಭಾನುವಾರ ಲಿಮ್‌ಫ್ಯೋರ್ಡ್‌ನ ಎರಡೂ ದಡಗಳಲ್ಲಿ ಅತ್ಯುತ್ತಮ ಧ್ವನಿಯನ್ನು ಕೇಳುವ ಮನುಷ್ಯ ಪ್ರೇಬೆನ್. ಆ ಮನೆಯ ತಟ್ಟೆಗಳೂ ಮೊದಲೆಂದೂ ಅಷ್ಟು ಹೊಳೆದದ್ದಿಲ್ಲ.