ಹುದ್ದೆ: ಹಿರಿ ಸೊಸಿ

ನಮ್ಮ ದೊಡ್ಡವ್ವ ಜೀವನದಲ್ಲಿ ಒಂದು ದಿನವೂ ನೌಕರಿ ಮಾಡಿದವಳಲ್ಲ. ಆದರೆ ಯಾದಗಿರಿಯ ನಮ್ಮ ಓಣಿಯಲ್ಲಿ ಅವಳ ಕೈಕೆಳಗೆ ಕೆಲಸ ಮಾಡದವರು ಹುಡುಕಿದರೂ ಸಿಗರು. ಬಸುರಿಯ ಕುಬಸ ಇರಲಿ, ಮನೆಗೆ ಸ್ಲ್ಯಾಬ್ ಹಾಕುವುದಿರಲಿ, ಕರೆಯದಿದ್ದರೂ ಅವಳು ಹಾಜರು. ಕರೆದರಂತೂ ಮನೆಯವರೇ ಜಾಗ ಬಿಡಬೇಕು.

ಕಾಲುವೆ ಅಗೆಯುತ್ತಿದ್ದ ಕಾಲ. ಗಂಡನ ಊರು ಶಿರವಾಳದಲ್ಲಿ ಅವಳ ಕಿರಿಯ ನಾದಿನಿಯ ಮದುವೆ. ಹಿಂದಿನ ದಿನವಷ್ಟೇ ಊರ ದಾರಿಗೆ ಅಡ್ಡಲಾಗಿ ಉಪಕಾಲುವೆ ಕಡಿದಿದ್ದರು. ಸೇತುವೆ ಇನ್ನೂ ನಕ್ಷೆಯಲ್ಲೇ ಇತ್ತು. ಮದುವೆಯ ಹಂದರ ಈಚೆ ದಂಡೆಗೆ, ಸುರಪುರದಿಂದ ಬಂದ ಬೀಗರು ಮತ್ತು ಅವರು ತಂದ ಹೋಳಿಗೆ ಆಚೆ ದಂಡೆಗೆ. ಗಂಡಸರೆಲ್ಲ ಸರಕಾರವನ್ನು ಬೈಯುತ್ತ ನಿಂತರು. ದೊಡ್ಡವ್ವ ಹೋಗಿ ಮಣ್ಣೆತ್ತುವ ಮಷಿನ್ನಿನ ಡ್ರೈವರನನ್ನು ಎಬ್ಬಿಸಿದಳು.

"ಯಾರ ಆರ್ಡರ್ ಐತ್ರಿ?"

"ನಾ ಹೇಳಾಕತ್ತೇನಿ. ಕೇಳಸಾಕತ್ತಿಲ್ಲೇನು?"

ಮಷಿನ್ನಿನ ಬಾಯಿ ತೊಳೆಸಿ, ಅದರಲ್ಲಿ ಮೊದಲು ಹೋಳಿಗೆ ಬುಟ್ಟಿ, ಆಮೇಲೆ ಮುದುಕಿಯರು, ಕೊನೆಗೆ ಬಾಸಿಂಗ ಕಟ್ಟಿದ ಮದುಮಗನನ್ನು ದಾಟಿಸಿದಳು. ಮಗನನ್ನು ಕೊನೆಗೆ ಇಟ್ಟಿದ್ದಕ್ಕೆ ಬೀಗರು ಮುಖ ಗಂಟು ಹಾಕಿದರು.

"ಹೋಳಿಗಿ ಆರ್ತಾವ್ರಿ," ಎಂದಳು ದೊಡ್ಡವ್ವ. "ನಿಮ್ಮ ಮಗ ಆರಂಗಿಲ್ಲ."

ಇಂಥವಳು ನೌಕರಿಗೆ ಯಾಕೆ ಹೊರಟಳು? ಶಹಾಪುರದ ಸಂಬಂಧಿಕರ ಗೃಹಪ್ರವೇಶಕ್ಕೆ ಮೂರು ದಿನ ದುಡಿದಿದ್ದಳು. ಪಂಕ್ತಿಯಲ್ಲಿ ಯಾರನ್ನೋ ಎಬ್ಬಿಸಿ ಬೇರೆ ಕಡೆ ಕೂರಿಸಲು ಹೋದಾಗ ಆ ಹೊಸ ನೆಂಟ ಕೇಳಿದ: "ಅಲ್ರಿ, ನೀವು ಇಲ್ಲಿ ಯಾರು?" ದೊಡ್ಡವ್ವ ಕೈಯಲ್ಲಿದ್ದ ಸೌಟು ಅಲ್ಲೇ ಕೆಳಗಿಟ್ಟಳು. ಅಂದು ಊಟ ಮಾಡದೆ ಬಂದಳು.

ಅದೇ ತಿಂಗಳು, ಶಹಾಪುರದಲ್ಲಿ ಹೊಲಗಾಲುವೆ ಮಾಡಿಸುತ್ತಿದ್ದ ಗುತ್ತಿಗೆದಾರರಿಗೆ ಹೆಣ್ಣಾಳುಗಳ ಮೇಲ್ವಿಚಾರಕಿ ಬೇಕೆಂಬ ಸುದ್ದಿ ಬಂತು. ಕಾಮಗಾರಿ ನಡೆಸಿದ ಅನುಭವ ಕಡ್ಡಾಯ. ದೊಡ್ಡವ್ವ ನನ್ನಿಂದ ಅರ್ಜಿ ಬರೆಸಿದಳು. ಮಾತು ಕಡಿಮೆಯ ನಿವೃತ್ತ ಮಾಸ್ತರರಾದ ನಮ್ಮ ದೊಡ್ಡಪ್ಪನ ಕೈಗೆ ತನ್ನ ಚೀಲ ಕೊಟ್ಟು, ನಮ್ಮಿಬ್ಬರನ್ನೂ ಬಸ್ಸಿಗೆ ಹತ್ತಿಸಿದಳು.

ಸಂದರ್ಶನಕ್ಕೆ ಕೂತಿದ್ದ ಎಂಜಿನಿಯರ್ ಮೈಸೂರು ಕಡೆಯವರು, ಮೆತ್ತಗಿನ ಮಾತು.

"ಯಾವ ಯೋಜನೆಗಳನ್ನು ನಿರ್ವಹಿಸಿದ್ದೀರಮ್ಮ?"

"ನಾಕು ನಾದಿನ್ಯಾರ ಮದಿವಿ. ಅವರವು ಬಾಣಂತನ."

"ಆಗ ನಿಮ್ಮ ಹುದ್ದೆ?"

"ಹಿರಿ ಸೊಸಿ."

"ಯಾವುದಾದರೂ ಕೆಲಸ ಅವಧಿ ಮೀರಿದ್ದುಂಟೆ?"

"ಬಾಣಂತನ ಮುಂದ ಹಾಕಾಕ ಬರ್ತೈತೇನ್ರಿ? ಅದೇನ್ ನಿಮ್ಮ ಕಾಲುವಿ ಏನು?"

ಎಂಜಿನಿಯರ್ ಕೆಮ್ಮಿದರು. "ಅನುಭವಕ್ಕೆ ಪುರಾವೆ ಬೇಕಲ್ಲಮ್ಮ. ನಿಮ್ಮ ಮೇಲಿನವರು ಯಾರಾದರೂ ಹೇಳಬೇಕು."

"ಮ್ಯಾಲ ಅತ್ತಿ ಒಬ್ಬಾಕಿ ಇದ್ದಳು. ತೀರಿಕೊಂಡಾಳ."

"ಹೋಗಲಿ, ಕೈಕೆಳಗೆ ಕೆಲಸ ಮಾಡಿದವರು?"

ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ ದೊಡ್ಡಪ್ಪ ಒಳಗೆ ಬಂದರು. "ನಾ ಅದೀನ್ರಿ. ಮದಿವಿ ಆದಾಗಿಂದ ಈಕಿ ಕೈಕೆಳಗ ಅದೀನಿ."

ಎಂಜಿನಿಯರ್ ನಗು ತಡೆದುಕೊಂಡರು. "ಹೇಗೆ ನಡೆಸಿಕೊಳ್ಳುತ್ತಾರೆ?"

"ಬೈತಾಳ್ರಿ, ಭಾಳ ಬೈತಾಳ." ದೊಡ್ಡಪ್ಪ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ನಮ್ಮವ್ವ ಹಾಸಿಗಿ ಹಿಡದಾಗ ಸಣ್ಣ ತಂಗಿ ಇನ್ನಾ ಕೂಸು. ನಂಗ ಪಗಾರ ತಿಂಗಳ ತಿಂಗಳ ಬರ್ತಿರಲಿಲ್ಲ. ಮನ್ಯಾಗ ಒಬ್ಬರೂ ಉಪಾಸ ಮಲಗಲಿಲ್ಲ. ಹೆಂಗ ಮಾಡಿದಳೋ, ನಾ ಕೇಳ್ಲಿಲ್ಲ. ಕೇಳಬೇಕಾಗಿತ್ತು."

ದೊಡ್ಡವ್ವ ಸೆರಗು ಸರಿಮಾಡಿಕೊಳ್ಳುತ್ತ ಗೋಡೆ ನೋಡಿದಳು.

ಕೆಲಸ ಸಿಕ್ಕಿತು. ಕಾಗದದಲ್ಲಿ ಮಾತ್ರ 'ತಾತ್ಕಾಲಿಕ ಸಹಾಯಕಿ' ಎಂದಿತ್ತು. "ಏನರ ಬರಕೋರಿ, ಸೋಮವಾರ ಬರ್ತೀನಿ," ಎಂದು ಎದ್ದಳು. ಅವಳು ಯಾರಿಗೆ ಸಹಾಯ ಮಾಡಬೇಕೆಂಬುದನ್ನು ಎಂಜಿನಿಯರ್ ಹೇಳುವಷ್ಟರಲ್ಲಿ ಹೊರಗಿದ್ದಳು.

ತಿರುಗಿ ಬರುವ ಬಸ್ಸಿನಲ್ಲಿ ಅವಳು ಕಂಡಕ್ಟರನಿಗೆ ಒಂದೂ ಸೂಚನೆ ಕೊಡದ್ದು ಕಂಡು ನನಗೆ ದಿಗಿಲಾಯಿತು. ಶಹಾಪುರ ದಾಟಿದ ಮೇಲೆ ದೊಡ್ಡಪ್ಪನ ಕಡೆ ತಿರುಗಿದಳು.

"ಆ ಮಾತು ಮನ್ಯಾಗ ಹೇಳಬೇಕಿತ್ತಲ್ರಿ."

"ಮನ್ಯಾಗ ನೀ ಮಾತಾಡಾಕ ಎಲ್ಲಿ ಬಿಟ್ಟಿ?"

"ಈಗ ಹೇಳ್ರಿ, ಹಂಗಾರ."

ದೊಡ್ಡಪ್ಪ ಚೀಲವನ್ನು ಕಾಲ ಬಳಿ ಇಟ್ಟು ಶುರು ಮಾಡಿದರು. ಯಾದಗಿರಿ ಬರುವವರೆಗೆ ದೊಡ್ಡವ್ವ ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.